ಕಣ್ಣಿನ ಗಾಜು ಬದಲಿಸಬಹುದೇ?

ಮಕ್ಕಳೇ, ಕೆಂಗಲ್, ಚನ್ನಪಟ್ಟಣ, ಮಾಗಡಿ ಕಡೆ ರೇಷ್ಮೆ ಹುಳು ಸಾಕುವವರ ಮನೆಗಳಲ್ಲಿ ಸುಣ್ಣದ ಪುಡಿ ಇದ್ದೇ ಇರುತ್ತದೆ. ಹುಳು ಜ್ವರಕ್ಕೆ ಕೂತಾಗ ಅದನ್ನು ತಟ್ಟೆಯ ಮೇಲೆ ಉದುರಿಸುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಸೊಪ್ಪಿನ ತೇವ ಹೀರಲು ಅದು ಬೇಕು. ಆದರೆ ಅದೇ ಸುಣ್ಣ ಕಣ್ಣಿಗೆ ಬಿದ್ದರೆ?

ಸುಣ್ಣದ ತಿಳಿನೀರಿನಲ್ಲಿ ಕೆಂಪು ಲಿಟ್ಮಸ್ ಕಾಗದ ಅದ್ದಿ ನೋಡಿ, ನೀಲಿಯಾಗುತ್ತದೆ. ಅಂದರೆ ಸುಣ್ಣ ಪ್ರತ್ಯಾಮ್ಲ. ಅದು ಜೀವಕೋಶಗಳ ಪೊರೆಯನ್ನು ಕರಗಿಸುತ್ತಾ ಕಣ್ಣಿನ ಒಳಕ್ಕೆ ಇಳಿಯುತ್ತದೆ. ಮೊದಲ ಪೆಟ್ಟು ಬೀಳುವುದು ಕಾರ್ನಿಯಾಕ್ಕೆ.

ಕಾರ್ನಿಯಾ ಎಲ್ಲಿದೆ? ಪಕ್ಕದಲ್ಲಿ ಕೂತ ಗೆಳೆಯನ ಕಣ್ಣನ್ನು ಓರೆಯಿಂದ ನೋಡಿ. ಕಪ್ಪು ಭಾಗದ ಮುಂದೆ ಗಡಿಯಾರದ ಗಾಜಿನಂತೆ ಉಬ್ಬಿದ ಪಾರದರ್ಶಕ ಹೊದಿಕೆ ಕಾಣುತ್ತದೆ. ನಡುವಿನಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಬೆಳಕು ಕಣ್ಣಿನೊಳಗೆ ಹೋಗುವುದು ಇದರ ಮೂಲಕವೇ. ಇದು ಸುಟ್ಟು ಬೆಳ್ಳಗಾದರೆ ಬೆಳಕಿಗೆ ದಾರಿಯಿಲ್ಲ. 'ಕಣ್ಣಿಗೆ ಹೂ ಬಿದ್ದಿದೆ' ಎಂದು ಹಿರಿಯರು ಹೇಳುವುದು ಇಂಥ ಬಿಳಿ ಕಲೆಗೇ.

ಈಗಿನ ಚೆಕ್ ದೇಶದ ಓಲೋಮೌಟ್ಸ್ ಊರಿನಲ್ಲಿ ಹೀಗೇ ಆಗಿತ್ತು. ಗ್ಲೋಗರ್ ಎಂಬ ಕೂಲಿಕಾರನ ಎರಡೂ ಕಣ್ಣು ಸುಣ್ಣ ಬಿದ್ದು ಹೋಗಿದ್ದವು. ಅದೇ ಆಸ್ಪತ್ರೆಗೆ ಕಣ್ಣಿನೊಳಗೆ ಕಬ್ಬಿಣದ ಚೂರು ಹೊಕ್ಕಿದ್ದ 11 ವರ್ಷದ ಬಾಲಕನೊಬ್ಬ ಬಂದ. ಅವನ ಆ ಕಣ್ಣನ್ನು ಉಳಿಸಲಾಗದೆ ತೆಗೆಯಬೇಕಾಯಿತು. ಆದರೆ ಅದರ ಕಾರ್ನಿಯಾ ಚೆನ್ನಾಗಿತ್ತು! 1905ರ ಡಿಸೆಂಬರ್ 7ರಂದು ವೈದ್ಯ ಎಡ್ವರ್ಡ್ ಜಿರ್ಮ್ ಅದರಿಂದ ಎರಡು ಬಿಲ್ಲೆ ಕತ್ತರಿಸಿ ಗ್ಲೋಗರನ ಕಣ್ಣುಗಳಿಗೆ ಕೂರಿಸಿದರು. ಒಂದು ಕೆಟ್ಟಿತು. ಇನ್ನೊಂದು ತಿಳಿಯಾಗಿಯೇ ಉಳಿದು, ಅವನು ಮತ್ತೆ ಕೆಲಸಕ್ಕೆ ಹೋದ. ಮನುಷ್ಯನಿಂದ ಮನುಷ್ಯನಿಗೆ ಮಾಡಿದ ಕಾರ್ನಿಯಾ ಕಸಿಗಳಲ್ಲಿ ಯಶಸ್ವಿಯಾದ ಮೊದಲನೆಯದು ಅದು.

ಬೇರೆಯವರ ಅಂಗವನ್ನು ನಮ್ಮ ದೇಹ ಸುಲಭವಾಗಿ ಒಪ್ಪುವುದಿಲ್ಲ. ರಕ್ತದಲ್ಲಿ ಓಡಾಡುವ ಕಾವಲು ಕೋಶಗಳು ಗುರುತು ಹಿಡಿದು ದಾಳಿ ಮಾಡುತ್ತವೆ. ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಅದು ಆಮ್ಲಜನಕವನ್ನು ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ಆದ್ದರಿಂದ ಕಾವಲಿನವರಿಗೆ ಹೊಸಬರು ಬಂದ ಸುದ್ದಿ ಬೇಗ ಮುಟ್ಟುವುದಿಲ್ಲ. ಮುಟ್ಟುವುದೇ ಇಲ್ಲ ಎನ್ನುವಂತಿಲ್ಲ, ಅದಕ್ಕೇ ತಿಂಗಳುಗಟ್ಟಲೆ ಔಷಧಿಯ ಹನಿ ಹಾಕಿಕೊಳ್ಳಬೇಕು. ಹೊಲಿಗೆಗೆ ಈಗ ಕೂದಲಿಗಿಂತ ತೆಳುವಾದ ನೈಲಾನ್ ದಾರವಿದೆ. ಹಿಂದೆ ರೇಷ್ಮೆ ನೂಲನ್ನೂ ಬಳಸುತ್ತಿದ್ದರು. ನಮ್ಮ ಕಡೆಯವರಿಗೆ ಇದು ಖುಷಿಯ ವಿಷಯವಲ್ಲವೇ?

ಕಸಿಗೆ ಬೇಕಾದ ಕಾರ್ನಿಯಾ ಸಿಗುವುದು ತೀರಿಕೊಂಡವರ ಕಣ್ಣಿನಿಂದ. ಸಾವಿನ ನಂತರ ಸುಮಾರು ಆರು ಗಂಟೆಯೊಳಗೆ ಅದನ್ನು ತೆಗೆಯಬೇಕು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ಬೆಂಗಳೂರಿನ ನಾರಾಯಣ ನೇತ್ರಾಲಯಕ್ಕೆ ದಾನವಾದವು. ತಂದೆ ಡಾ. ರಾಜ್‌ಕುಮಾರ್ ಅವರ ಕಣ್ಣುಗಳೂ 2006ರಲ್ಲಿ ದಾನವಾಗಿದ್ದವು. ಎರಡು ಕಣ್ಣಿನಿಂದ ಸಾಮಾನ್ಯವಾಗಿ ಇಬ್ಬರಿಗೆ ದೃಷ್ಟಿ. ಪುನೀತ್ ಅವರ ಒಂದೊಂದು ಕಾರ್ನಿಯಾವನ್ನೂ ವೈದ್ಯರು ಮುಂದಿನ ಪದರ, ಹಿಂದಿನ ಪದರ ಎಂದು ಬೇರ್ಪಡಿಸಿದರು. ಮುಂದಿನ ಪದರ ಕೆಟ್ಟಿದ್ದ ಇಬ್ಬರಿಗೆ ಮುಂದಿನದು, ಹಿಂದಿನದು ಕೆಟ್ಟಿದ್ದ ಇಬ್ಬರಿಗೆ ಹಿಂದಿನದು. ಒಟ್ಟು ನಾಲ್ವರಿಗೆ ದೃಷ್ಟಿ ಬಂತು.

ಹಾಗಾದರೆ ಸುಣ್ಣ ಬಿದ್ದರೂ ಭಯವಿಲ್ಲ ಎನ್ನಬೇಡಿ. ಕಾರ್ನಿಯಾದ ಅಂಚಿನ ಸುತ್ತ ಕೆಲವು ವಿಶೇಷ ಕೋಶಗಳಿವೆ. ಸವೆದ ಮೇಲ್ಪದರವನ್ನು ಮತ್ತೆ ಮತ್ತೆ ಕಟ್ಟುವುದು ಅವೇ. ಸುಣ್ಣ ಅವನ್ನೂ ಸುಟ್ಟರೆ ರಕ್ತನಾಳಗಳು ಒಳಗೆ ಹಬ್ಬುತ್ತವೆ, ಕಸಿ ಮಾಡಿದ ಹೊಸ ಕಾರ್ನಿಯಾವೂ ಮಂಜಾಗುತ್ತದೆ. ಇದನ್ನು ತಡೆಯಲು ಮೊದಲ ನಿಮಿಷಗಳೇ ಮುಖ್ಯ. ಕಣ್ಣುಜ್ಜಬಾರದು, ಎಣ್ಣೆ ಬಿಡಬಾರದು. ರೆಪ್ಪೆಗಳನ್ನು ಅಗಲಿಸಿ ಹಿಡಿದು ಶುದ್ಧ ನೀರನ್ನು ಅರ್ಧ ಗಂಟೆ ಹೊಯ್ಯುತ್ತಲೇ ಇರಬೇಕು. ರೆಪ್ಪೆಯಡಿ ಸುಣ್ಣದ ಹರಳು ಉಳಿದರೆ ಅದು ಸುಡುತ್ತಲೇ ಇರುತ್ತದೆ. ತೊಳೆದ ಮೇಲೆ ತಡಮಾಡದೆ ಆಸ್ಪತ್ರೆಗೆ. ಅಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, 'ಬಿದ್ದ ಎಷ್ಟು ಹೊತ್ತಿಗೆ ತೊಳೆದಿರಿ?'