ಕೈಗೆ ಗೊತ್ತಿರುವುದು ಕಾಗದಕ್ಕೂ ಬರಲಿ: ವೈರ್‌ಮನ್ ಪರ್ಮಿಟ್ ಪರೀಕ್ಷೆಯ ತಯಾರಿ



ನಮ್ಮ ಟ್ರಸ್ಟಿಗೆ ಎರಡು ಕಡೆಯಿಂದ ಎರಡು ಪ್ರಶ್ನೆಗಳು ಬರುತ್ತವೆ. ಐಟಿಐ ಮುಗಿದ ಹುಡುಗನಿಗೆ ಮತ್ತೇಕೆ ಸಹಾಯ ಎಂದು ದಾನಿಗಳು ಕೇಳುತ್ತಾರೆ. ಕೆಲಸ ಬರುವ ಹುಡುಗನಿಗೆ ಮತ್ತೊಂದು ಪರೀಕ್ಷೆ ಏಕೆ ಎಂದು ಮನೆಯವರು ಕೇಳುತ್ತಾರೆ. ಎರಡಕ್ಕೂ ಉತ್ತರ ಒಂದೇ ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಚಿಕ್ಕೇರೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ವೈರಿಂಗ್ ಬಲ್ಲ ಹುಡುಗರಿಗೆ ಕೊರತೆಯಿಲ್ಲ. ಮಾಮು ಜೊತೆಗೋ ಚಾಚಾ ಜೊತೆಗೋ ಏಣಿ ಹೊತ್ತು ಹೋಗಿ, ಗೋಡೆ ಕೊರೆದು ಪೈಪು ಕೂರಿಸಿ, ಹೊಲದ ಬೋರಿನ ಮೋಟರ್ ಸ್ಟಾರ್ಟರ್ ಬಿಚ್ಚಿ ಜೋಡಿಸಿ ಕಲಿತವರು. ಆದರೆ ಕಾನೂನು ಕೇಳುವುದು ಬೇರೆ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮದಲ್ಲಿದ್ದ ಮಾತು, ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೂ ಮುಂದುವರಿಯಿತು: ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ, ಉಳಿದ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರನೇ ಮಾಡಿಸಬೇಕು, ಅರ್ಹ ಮೇಲ್ವಿಚಾರಕ ಎದುರಿಗಿರಬೇಕು, ಕೆಲಸ ಮಾಡುವವನ ಬಳಿ ಪರ್ಮಿಟ್ ಇರಬೇಕು. ಕರ್ನಾಟಕದಲ್ಲಿ ಈ ಪರ್ಮಿಟ್ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಸೇರಿದ್ದು, ಹೆಸ್ಕಾಂಗೆ ಅಲ್ಲ. ಹೆಸ್ಕಾಂ ನಮ್ಮ ಜಿಲ್ಲೆಗೆ ವಿದ್ಯುತ್ ಪೂರೈಸುವ ಕಂಪನಿ. ಅನೇಕ ಮನೆಯವರು ಇವೆರಡನ್ನೂ ಒಂದೇ ಎಂದು ತಿಳಿದು ಸೆಕ್ಷನ್ ಆಫೀಸಿಗೆ ಅಲೆಯುತ್ತಾರೆ.

ಪರ್ಮಿಟ್ ಇಲ್ಲದವನ ಪಾಡು ಹೀಗಿರುತ್ತದೆ. ಹೊಸ ಮನೆಯ ವೈರಿಂಗ್ ಪೂರ್ತಿ ಅವನೇ ಮಾಡುತ್ತಾನೆ. ಮೀಟರ್ ಬೇಕೆಂದಾಗ ವೈರಿಂಗ್ ವರದಿಗೆ ಲೈಸೆನ್ಸ್ ಇರುವವರ ಸಹಿ ಬೇಕಾಗುತ್ತದೆ. ಸಹಿಗೆ ಹಣ ಕೊಡಬೇಕು, ಆ ಹಣ ಅವನ ಮಜೂರಿಯಿಂದಲೇ ಹೋಗುತ್ತದೆ. ಹತ್ತು ವರ್ಷ ದುಡಿದರೂ ಅವನು ಹೆಲ್ಪರ್. ದೇವರು ಕಾಪಾಡಲಿ, ಅವನು ಎಳೆದ ವೈರಿನಲ್ಲಿ ಅನಾಹುತ ಆದರೆ ಮೊದಲು ಕೇಳುವ ಪ್ರಶ್ನೆ, ‘ನಿನ್ನ ಪರ್ಮಿಟ್ ಎಲ್ಲಿ?’

ಐಟಿಐಯ ಅಖಿಲ ಭಾರತ ಟ್ರೇಡ್ ಪರೀಕ್ಷೆಯಾಗಲಿ, ಪರ್ಮಿಟ್ಟಿನ ಪರೀಕ್ಷೆಯಾಗಲಿ, ಪುಸ್ತಕ ಹೊರಗೇ ಇಟ್ಟು ಕೂರಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಎಲೆಕ್ಟ್ರಿಷಿಯನ್ ಪರೀಕ್ಷೆಗೆ ವೈರಿಂಗ್ ನಿಯಮಗಳ ದಪ್ಪ ಪುಸ್ತಕ ಒಯ್ಯಬಹುದು. ಪುಟ ಬೇಗ ಹುಡುಕುವುದೇ ಅಲ್ಲಿಯ ಜಾಣತನ. ನಮ್ಮಲ್ಲಿ ತಲೆಯೊಳಗೆ ಇದ್ದಷ್ಟೇ. ಅದಕ್ಕೇ ನಮ್ಮ ಹುಡುಗರು ಗೈಡ್ ತಂದು ಪ್ರಶ್ನೋತ್ತರ ಉರುಹೊಡೆಯುತ್ತಾರೆ. ಪ್ರಶ್ನೆಯಲ್ಲಿ ಒಂದು ಅಂಕಿ ಬದಲಾದರೆ ಉರು ಕೈಕೊಡುತ್ತದೆ. ಬಾಯಿಪಾಠ ಮಾಡಬೇಕಾದ್ದು ಬಹಳ ಕಡಿಮೆ, ಉಳಿದದ್ದನ್ನು ಅಲ್ಲೇ ಕೂತು ಲೆಕ್ಕ ಹಾಕಿ ತೆಗೆಯಬಹುದು ಎಂಬುದು ನಮ್ಮ ಅಭಿಪ್ರಾಯ.

ಎಲ್ಲರಿಗೂ ಗೊತ್ತಿರುವ ಐದು ಎಚ್‌ಪಿ ಪಂಪಿನ ಮೋಟರನ್ನೇ ತೆಗೆದುಕೊಳ್ಳಿ. ‘ಎಚ್‌ಪಿಗೆ ಒಂದೂವರೆ ಆಂಪಿಯರ್’ ಎಂದು ಮಿಸ್ತ್ರಿ ಹೇಳಿಕೊಟ್ಟಿರುತ್ತಾನೆ. ಸರಿಯಾದ ಮಾತೇ, ಆದರೆ ಪರೀಕ್ಷೆಯಲ್ಲಿ ದಾರಿ ತೋರಿಸಬೇಕು. ಒಂದು ಎಚ್‌ಪಿ ಎಂದರೆ 746 ವಾಟ್, ಐದಕ್ಕೆ 3730. ತ್ರೀ ಫೇಸ್ ಆದ್ದರಿಂದ 1.732 ಅನ್ನು 415 ವೋಲ್ಟಿನಿಂದ, ಪವರ್ ಫ್ಯಾಕ್ಟರ್ 0.8ರಿಂದ, ದಕ್ಷತೆ 0.85ರಿಂದ ಗುಣಿಸಿ. ಬಂದದ್ದರಿಂದ 3730 ಅನ್ನು ಭಾಗಿಸಿದರೆ ಸುಮಾರು 7.6 ಆಂಪಿಯರ್. ಮಿಸ್ತ್ರಿಯ ಲೆಕ್ಕದಲ್ಲಿ ಏಳೂವರೆ. ಎರಡೂ ಹೊಂದಿದ್ದನ್ನು ಒಮ್ಮೆ ಕಂಡ ಹುಡುಗ ಸೂತ್ರಕ್ಕೆ ಹೆದರುವುದಿಲ್ಲ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಯಾಕೆ ಎಂಬ ಪ್ರಶ್ನೆಯೂ ಹೀಗೆಯೇ: ಶುರುವಿನಲ್ಲಿ ಸ್ಟಾರ್ ಆದಾಗ ಲೈನಿನಿಂದ ಎಳೆಯುವ ಕರೆಂಟು ಡೆಲ್ಟಾದ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಅಷ್ಟೇ ಉತ್ತರ.

ಇನ್ನೊಂದು, ಜೀವಕ್ಕೆ ಸಂಬಂಧಿಸಿದ್ದು. ಎಂಸಿಬಿ ಇದ್ದ ಮೇಲೆ ಆರ್‌ಸಿಸಿಬಿ ಏಕೆ? ಮನೆಯ ಲೈಟಿನ ಎಂಸಿಬಿ 6 ಆಂಪಿಯರಿನದು. ಮನುಷ್ಯನ ರಕ್ಷಣೆಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಗೇ ಬೀಳಬೇಕು. ಆರನ್ನು ಮಿಲಿಆಂಪಿಯರಿಗೆ ತಿರುಗಿಸಿದರೆ 6000. ಮೂವತ್ತರ ಇನ್ನೂರು ಪಟ್ಟು. ಅಂದರೆ ಮನುಷ್ಯನ ಮೈಯಲ್ಲಿ ಕರೆಂಟು ಹರಿದು ಅವನು ಸಾಯುತ್ತಿದ್ದರೂ ಎಂಸಿಬಿಗೆ ಅದು ಚಿಕ್ಕ ಬಲ್ಬು ಉರಿದಂತೆ. ಈ ಲೆಕ್ಕ ಮಾಡಿದವನು ಉತ್ತರವನ್ನೂ ಮರೆಯುವುದಿಲ್ಲ, ಗಿರಾಕಿ ಮನೆಯಲ್ಲಿ ‘ಆರ್‌ಸಿಸಿಬಿ ಖರ್ಚು ಬೇಡ’ ಎಂದರೆ ಸುಮ್ಮನೆ ತಲೆಯಾಡಿಸುವುದೂ ಇಲ್ಲ.

ಸ್ವಿಚ್ಚು ಫೇಸ್‌ನಲ್ಲೇ ಇರಬೇಕು ಎಂಬುದನ್ನು ಎಲ್ಲರೂ ಬಲ್ಲರು. ನ್ಯೂಟ್ರಲ್‌ನಲ್ಲಿ ಹಾಕಿದರೂ ದೀಪ ಆರುತ್ತದೆ. ಆದರೆ ಹೋಲ್ಡರಿನಲ್ಲಿ ಕರೆಂಟು ಹಾಗೇ ಉಳಿದು, ಬಲ್ಬು ಬದಲಿಸುವವನ ಕೈ ಹಿಡಿಯುತ್ತದೆ ಎಂದು ಎರಡು ಸಾಲು ಬರೆಯಲು ಹಲವರಿಗೆ ಬರುವುದಿಲ್ಲ. ಮೆಗ್ಗರ್ ಪರೀಕ್ಷೆಯಲ್ಲೂ ಅಂಕ ಹೋಗುವುದು ಇಂಥಲ್ಲೇ: ಅರ್ಥ್‌ಗೆ ನೋಡುವಾಗ ಬಲ್ಬುಗಳು ಹೋಲ್ಡರಿನಲ್ಲಿರಬೇಕು, ಎರಡು ವೈರುಗಳ ನಡುವೆ ನೋಡುವಾಗ ತೆಗೆದಿರಬೇಕು. ಇಟ್ಟರೆ ಬಲ್ಬಿನ ತಂತಿಯ ಮೂಲಕವೇ ಎರಡೂ ವೈರು ಕೂಡಿಕೊಳ್ಳುತ್ತವೆ, ಮೆಗ್ಗರ್ ಸೊನ್ನೆ ತೋರಿಸುತ್ತದೆ. ಸ್ವಿಚ್ಚುಗಳು ಎರಡು ಸಲವೂ ಆನ್ ಆಗಿರಬೇಕು, ಮೇನ್ ಆಫ್ ಆಗಿರಬೇಕು.

ಬಾಯಿಪಾಠಕ್ಕೆ ಉಳಿಯುವುದು ಒಂದು ಪುಟ. ಲೈಟಿನ ಸಬ್ ಸರ್ಕ್ಯೂಟಿಗೆ ಹತ್ತು ಪಾಯಿಂಟ್ ಅಥವಾ 800 ವಾಟ್, ಪವರಿನದಕ್ಕೆ ಎರಡು ಪಾಯಿಂಟ್ ಅಥವಾ 3000 ವಾಟ್. ಪೈಪ್ ಅರ್ಥಿಂಗಿಗೆ ಎರಡೂವರೆ ಮೀಟರ್ ಉದ್ದದ ಜಿಐ ಪೈಪು. ಫೇಸ್ ಕೆಂಪು, ಹಳದಿ, ನೀಲಿ; ನ್ಯೂಟ್ರಲ್ ಕಪ್ಪು; ಅರ್ಥ್ ಹಸಿರು. ಶಾಕ್ ಹೊಡೆದವನನ್ನು ಮುಟ್ಟುವ ಮೊದಲು ಮೇನ್ ಆಫ್ ಮಾಡುವುದು. ಈ ಪುಟವನ್ನು ಹುಡುಗ ತನ್ನ ಕೈಯಿಂದಲೇ ಬರೆದುಕೊಳ್ಳಲಿ, ಜೆರಾಕ್ಸ್ ಬೇಡ.

ಭಾಷೆಯ ತೊಡಕನ್ನು ನಾವು ಹಗುರ ಮಾಡಿ ನೋಡಬಾರದು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್ ಪದಗಳು. ‘ರೆಸಿಸ್ಟೆನ್ಸ್’ ಎಂಬುದು ಓದಲು ತಿಳಿಯದೆ ಗೊತ್ತಿರುವ ಲೆಕ್ಕವನ್ನೂ ಬಿಟ್ಟು ಬರುವವರಿದ್ದಾರೆ. ಇದಕ್ಕೆ ಕೋಚಿಂಗ್ ಬೇಕಿಲ್ಲ. ಪ್ರತಿ ದಿನ ಕೆಲಸ ಮುಗಿಸಿ ಬಂದು, ಇಶಾ ನಮಾಜಿನ ನಂತರ ಅರ್ಧ ಗಂಟೆ, ಅಂದು ಮಾಡಿದ ಒಂದು ಕೆಲಸವನ್ನು ಪುಸ್ತಕ ಮುಚ್ಚಿಟ್ಟು ಬರೆಯಬೇಕು: ಯಾವ ವೈರು, ಎಷ್ಟು ಆಂಪಿಯರ್, ಯಾಕೆ. ಆಮೇಲೆ ಪುಸ್ತಕ ತೆರೆದು ತಾಳೆ ನೋಡಬೇಕು. ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಓದಿದ ತಂಗಿ ಇದ್ದರೆ ಪ್ರಶ್ನೆ ಅವಳೇ ಕೇಳಲಿ. (ಎಲೆಕ್ಟ್ರಿಷಿಯನ್ ಟ್ರೇಡಿಗೆ ಹೆಣ್ಣುಮಕ್ಕಳೂ ಸೇರಬಹುದು, ಅರ್ಜಿ ಬಂದರೆ ನಮಗೆ ಸಂತೋಷ.) ಐಟಿಐಯಲ್ಲಿ ಈಗಲೂ ಇರುವವರು ನೆನಪಿಡಬೇಕಾದ್ದು: ಪ್ರಾಕ್ಟಿಕಲ್‌ಗೆ ಶೇ. 60, ಉಳಿದ ವಿಷಯಗಳಿಗೆ ಶೇ. 33 ಅಂಕ ಬೇಕು, ಗ್ರೇಸ್ ಅಂಕ ಇಲ್ಲ.

ಭಿಕ್ಷೆ ಕೇಳಲು ಬಂದ ಅನ್ಸಾರಿಯೊಬ್ಬರ ಮನೆಯ ಎರಡು ಸಾಮಾನು ಹರಾಜು ಹಾಕಿಸಿ, ಆ ಹಣದಲ್ಲಿ ಕೊಡಲಿ ತರಿಸಿ, ಪ್ರವಾದಿಯವರು (ಸ) ತಮ್ಮ ಕೈಯಿಂದಲೇ ಅದಕ್ಕೆ ಹಿಡಿ ಕೂರಿಸಿಕೊಟ್ಟ ಹದೀಸನ್ನು ಜುಮಾ ಬಯಾನಿನಲ್ಲಿ ಕೇಳಿದ್ದೇವೆ. ಐಟಿಐ ಫೀಸು ಕೊಡಲಿಯಾದರೆ ಪರ್ಮಿಟ್ ಅದರ ಹಿಡಿ. ಫೀಸಿನವರೆಗೆ ಬಂದು ನಿಂತರೆ ದಾನಿಗಳ ಹಣ ಅರ್ಧ ಕೆಲಸ ಮಾಡಿದಂತಾಗುತ್ತದೆ. ಓದಲೆಂದು ಕೆಲಸ ಬಿಟ್ಟರೆ ಆ ದಿನಗಳ ಮಜೂರಿ ಹೋಗುತ್ತದೆ, ಮನೆಯವರು ತಡೆಯುವುದು ಅದಕ್ಕೇ. ಆದ್ದರಿಂದ ಈ ಬಾಬ್ತಿನಲ್ಲಿ ಪರೀಕ್ಷಾ ಶುಲ್ಕ ಮತ್ತು ಪ್ರಯಾಣದ ಜೊತೆಗೆ ಪರೀಕ್ಷೆಯ ಮುಂಚಿನ ದಿನಗಳ ಮನೆಖರ್ಚಿಗೂ ಸಹಾಯ ಕೊಡಲಾಗುವುದು. ಝಕಾತ್ ಹಣ ಅರ್ಹ ಬಡ ಕುಟುಂಬಗಳಿಗೆ ಮಾತ್ರ ಹೋಗುತ್ತದೆ. ಉಳಿದವರಿಗೆ ಸದಕಾ ಖಾತೆಯಿಂದ.

ಅರ್ಜಿಯ ಜೊತೆ ಎಸ್‌ಎಸ್‌ಎಲ್‌ಸಿ ಮತ್ತು ಐಟಿಐ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಜಮಾಅತಿನ ಪತ್ರ, ಪರಿವೀಕ್ಷಣಾಲಯದ ಪ್ರಕಟಣೆಯ ಪ್ರತಿ ಇರಲಿ. ಕೈಬರಹದ ಆ ಒಂದು ಪುಟವನ್ನೂ ತನ್ನಿ. ಸಂದರ್ಶನದಲ್ಲಿ ಅದನ್ನು ಮಡಚಿಟ್ಟು ಅದರಿಂದಲೇ ಕೇಳುತ್ತೇವೆ.