ಕೂರ್ಮಗಡದ ಉಸುಕು

ಹಾವೇರಿ ಜಿಲ್ಲೆಯ ಭೂಪಟದಲ್ಲಿ ಸಮುದ್ರವಿಲ್ಲ. ರಾಣೆಬೆನ್ನೂರು ಸೀಮೆಯ ರೈತನಿಗೆ ಉಸುಕು ಎಂದರೆ ತುಂಗಭದ್ರೆಯದು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಕಾಲು ಸುಡುವಂಥದ್ದು, ಲಾರಿಗೆ ತುಂಬಿ ಮನೆ ಕಟ್ಟಲು ಹೋಗುವಂಥದ್ದು. ಅದನ್ನೇ ಘಟ್ಟದ ಕೆಳಗಿನವರು ಹೊಯಿಗೆ ಎನ್ನುತ್ತಾರೆ. ಆದರೂ ದೇವರಗುಡ್ಡದ ಸುತ್ತಿನ ಹಳ್ಳಿಗಳ ಜನಕ್ಕೆ ಕಡಲು ಅಷ್ಟೇನೂ ದೂರವಲ್ಲ. ಹಾನಗಲ್ಲು ದಾಟಿ, ಶಿರಸಿಯಲ್ಲಿ ಚಹಾ ಕುಡಿದು, ದೇವಿಮನೆ ಘಟ್ಟ ಇಳಿದರೆ ಕುಮಟೆ. ಅಲ್ಲಿಂದ ಅಂಕೋಲೆ, ಕಾರವಾರ. ಸುಗ್ಗಿ ಮುಗಿದ ಮೇಲೆ ಟ್ರಿಪ್ಪು ಹೊರಡುವ ಬಯಲುಸೀಮೆಯ ಬಸ್ಸು, ಟೆಂಪೋಗಳು ಹಿಡಿಯುವ ಹಾದಿ ಇದು. ಗೋಕರ್ಣದಲ್ಲಿ ದೇವರು, ಕಾರವಾರದಲ್ಲಿ ಕಡಲು. ಎರಡೂ ಒಂದೇ ಖರ್ಚಿನಲ್ಲಿ.

ಕಾರವಾರದ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ನೀರಿನ ಮೇಲೆ ಬೆನ್ನು ಎತ್ತಿದ ಗುಡ್ಡಗಳು ಕಾಣುತ್ತವೆ. ಒಂದು ದೇವಗಡ. 19ನೇ ಶತಮಾನದ ಅರವತ್ತರ ದಶಕದಲ್ಲಿ ಬ್ರಿಟಿಷರು ಕಟ್ಟಿಸಿದ ದೀಪಸ್ತಂಭ ಅಲ್ಲಿದೆ. ದಕ್ಷಿಣಕ್ಕೆ ಅಂಜುದ್ವೀಪ. ಕಾಳಿ ನದಿಯ ಬಾಯಿಗೆ ಎದುರಾಗಿ ಆಮೆಯಂತೆ ಕುಳಿತದ್ದು ಕೂರ್ಮಗಡ. ದ್ವೀಪವೆಂಬ ಸಂಸ್ಕೃತದ ಪದವನ್ನು ಪುಸ್ತಕಕ್ಕೆ ಬಿಟ್ಟರೆ, ನಮ್ಮ ಜನರ ಬಾಯಲ್ಲಿ ಇದಕ್ಕೆ ಹೆಸರುಗಳು ಬೇಕಾದಷ್ಟಿವೆ. ಹೊಳೆಯ ನಡುವಿನದು ನಡುಗಡ್ಡೆ. ಹಳೆಯ ಮಾತು ಕುರುವ. ಹೊನ್ನಾವರದ ಬಳಿ ಶರಾವತಿಯ ನಡುವಿನ ಮಾವಿನಕುರ್ವೆ ಆ ಪದವನ್ನು ಇನ್ನೂ ಉಳಿಸಿಕೊಂಡಿದೆ. ತುಳುವರಲ್ಲಿ ಕುದ್ರು, ಕೊಂಕಣಿಯಲ್ಲಿ ಜುವೆ. ಕಾರವಾರದ ಕಡಲಿನಲ್ಲಿರುವವು ಮಾತ್ರ ‘ಗಡ’ಗಳಾದವು. ಗಡ ಎಂದರೆ ಕೋಟೆ. ಈ ನೀರಿನಲ್ಲಿ ಪ್ರಶಾಂತವಾದ ಮೂಲೆ ಕಂಡವರೆಲ್ಲ ಮೊದಲು ಯೋಚಿಸಿದ್ದು ವಿಶ್ರಾಂತಿಯನ್ನಲ್ಲ, ಫಿರಂಗಿಯನ್ನು.

ಅಂಜುದ್ವೀಪದ ಕಥೆ ನೋಡಿದರೆ ಇದು ತಿಳಿಯುತ್ತದೆ. ಅಂಕೋಲೆಯ ಆರ್ಯಾದುರ್ಗೆ ಮೂಲತಃ ಅಲ್ಲಿಯವಳೆಂಬುದು ಐತಿಹ್ಯ. ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮಾ 1498ರ ಸೆಪ್ಟೆಂಬರ್ ಕೊನೆಗೆ ಅಲ್ಲಿ ಲಂಗರು ಹಾಕಿದ. ಸಿಹಿನೀರಿತ್ತು, ಸೌದೆಯಿತ್ತು, ಹಡಗಿನ ತಳ ಕೆರೆದು ರಿಪೇರಿ ಮಾಡಲು ಉಸುಕಿನ ದಂಡೆಯಿತ್ತು. ಅಕ್ಟೋಬರ್ 5ಕ್ಕೆ ಹೊರಟುಹೋದ. 1505ರಲ್ಲಿ ಪೋರ್ಚುಗೀಸರ ಅಲ್ಮೇಡಾ ಬಂದು ಕೋಟೆ ಕಟ್ಟಿಸಿದ. ಮರುವರ್ಷವೇ ಅದನ್ನು ಕೆಡವಬೇಕಾಯಿತು.

ಇದಕ್ಕಿಂತ ವಿಚಿತ್ರವಾದದ್ದು ಇಂಗ್ಲಿಷರ ಪಾಡು. ಎರಡನೇ ಚಾರ್ಲ್ಸ್ ದೊರೆಗೆ ಪೋರ್ಚುಗೀಸ್ ರಾಜಕುಮಾರಿಯ ಜತೆ ಮುಂಬಯಿ ಬಳುವಳಿಯಾಗಿ ಬಂದ ಸಂಗತಿ ಶಾಲೆಯಲ್ಲಿ ಓದಿದವರಿಗೆ ನೆನಪಿರಬಹುದು. ಬಳುವಳಿಯನ್ನು ವಶಕ್ಕೆ ತೆಗೆದುಕೊಳ್ಳಲು 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ಸೈನ್ಯದೊಂದಿಗೆ ಬಂದ. ಅಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ಕಾಗದಪತ್ರ ಸರಿಯಿಲ್ಲವೆಂದು ತಕರಾರು ತೆಗೆದು ಕೊಡಲೊಪ್ಪಲಿಲ್ಲ. ಬೇರೆ ದಾರಿ ಕಾಣದೆ ಆತ ತನ್ನ ಜನರನ್ನು ಅಂಜುದ್ವೀಪದಲ್ಲಿ ಇಳಿಸಿದ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಜ್ವರ, ಭೇದಿ, ಸರಿಯಾದ ಆಹಾರವಿಲ್ಲದ ಸ್ಥಿತಿಯಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಶಿಪ್‌ಮನ್ ಕೂಡ 1664ರಲ್ಲಿ ಅಲ್ಲೇ ತೀರಿಕೊಂಡ. ಉಳಿದ ಬೆರಳೆಣಿಕೆಯ ಜನರೊಂದಿಗೆ ಹಂಫ್ರಿ ಕುಕ್ 1665ರ ಫೆಬ್ರುವರಿಯಲ್ಲಿ ಮುಂಬಯಿಗೆ ಕಾಲಿಟ್ಟ. ಇಂದಿನ ಮುಂಬಯಿಯ ಇಂಗ್ಲಿಷ್ ಚರಿತ್ರೆಯ ಮೊದಲ ಅಧ್ಯಾಯ ಕಾರವಾರದ ಒಂದು ನಿರ್ಜನ ದಂಡೆಯಲ್ಲಿ ಹೂತುಹೋಗಿದೆಯೆಂದು ಮುಂಬಯಿಯವರಿಗೂ ಹೆಚ್ಚು ಗೊತ್ತಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಅಂಜುದ್ವೀಪ ಗೋವೆಯ ಪೋರ್ಚುಗೀಸರದೇ ಆಗಿತ್ತು. 1961ರ ನವೆಂಬರಿನಲ್ಲಿ ಅಲ್ಲಿಂದ ‘ಸಾಬರ್ಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರಂದು ‘ತ್ರಿಶೂಲ್’ ಮತ್ತು ‘ಮೈಸೂರ್’ ಯುದ್ಧನೌಕೆಗಳಿಂದ ನಮ್ಮ ನಾವಿಕರು ದ್ವೀಪಕ್ಕೆ ಇಳಿದರು. ಆ ಕಾಳಗದಲ್ಲಿ ನೌಕಾಪಡೆಯ 7 ಮಂದಿ ಮಡಿದರು. ಈಗ ದ್ವೀಪವು ಅಲೆತಡೆ ಗೋಡೆಯ ಮೂಲಕ ನೆಲಕ್ಕೆ ಜೋಡಿಸಲ್ಪಟ್ಟು, 2005ರಲ್ಲಿ ಆರಂಭವಾದ ಕದಂಬ ನೌಕಾನೆಲೆಯ ಭಾಗವಾಗಿದೆ. ಸಾರ್ವಜನಿಕರಿಗೆ ಪ್ರವೇಶವಿಲ್ಲ. ಬಿಣಗಾ, ಅರಗಾ ಊರುಗಳ ಚೆಂದದ ದಂಡೆಗಳೂ ನೆಲೆಯ ಬೇಲಿಯೊಳಗೆ ಸೇರಿದವು. ಅಲ್ಲಿ ಬಲೆ ಒಣಗಿಸುತ್ತಿದ್ದವರು ಬೇರೆಡೆಗೆ ಹೋದರು.

ಹೀಗಾಗಿ ದ್ವೀಪದ ಉಸುಕು ತುಳಿಯಬೇಕೆನ್ನುವವರಿಗೆ ಉಳಿದಿರುವುದು ಮುಖ್ಯವಾಗಿ ಕೂರ್ಮಗಡ. ನೆಲದಿಂದ ದೋಣಿಯಲ್ಲಿ ಹೋಗಬೇಕು. ಗುಡ್ಡದ ಮೇಲೆ ನರಸಿಂಹ ದೇವರ ಗುಡಿ. ವರ್ಷದ ಬಹುಪಾಲು ದಿನ ಅಲ್ಲಿ ಮನುಷ್ಯರ ಸದ್ದು ಕಡಿಮೆ. ಪುಷ್ಯ ಹುಣ್ಣಿಮೆಯ ಜಾತ್ರೆಗೆ ಮಾತ್ರ ಸಾವಿರಾರು ಜನ ದೋಣಿಗಳಲ್ಲಿ ಬಾಳೆಗೊನೆಯ ಹರಕೆ ಹೊತ್ತು ಬರುತ್ತಾರೆ.

ಜಾತ್ರೆಗೆ ಹೋಗುವುದು ಬಯಲುಸೀಮೆಯವರಿಗೆ ಹೊಸದಲ್ಲ. ದೇವರಗುಡ್ಡದ ಮಾಲತೇಶನ ಕಾರಣಿಕ ನೋಡಿದವರಿಗೆ ಗೊತ್ತು: ಮಹಾನವಮಿಯ ಹೊತ್ತಿಗೆ ಗುಡ್ಡವೆಲ್ಲ ಜನ, ಬಂಡಾರ, ಡಮರು, ಗೊರವರ ಕೂಗು. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಅಷ್ಟೂ ಜನ ಬಾಯಿ ಮುಚ್ಚಬೇಕು. ಆ ಒಂದು ಕ್ಷಣದ ಮೌನದಲ್ಲಿ ವರ್ಷದ ಮಳೆಬೆಳೆಯ ನುಡಿ ಬೀಳುತ್ತದೆ. ನುಡಿದವನು ಮೇಲಿಂದ ಕೈಬಿಡುತ್ತಾನೆ. ಕೆಳಗಿನವರು ಕಂಬಳಿ ಹಿಡಿದೋ ತೋಳು ಚಾಚಿಯೋ ಅವನನ್ನು ಹಿಡಿದುಕೊಳ್ಳುತ್ತಾರೆ. ಅಲ್ಲಿ ಗುಂಪೇ ರಕ್ಷಣೆ. ಜನ ಹೆಚ್ಚಿದ್ದಷ್ಟೂ ಹಿಡಿಯುವ ಕೈಗಳು ಹೆಚ್ಚು.

ನೀರಿನ ಮೇಲೆ ಈ ಲೆಕ್ಕ ತಿರುವುಮುರುವು. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಹಿಂದಿರುಗುತ್ತಿದ್ದ, ಸುಮಾರು 35 ಜನರಿದ್ದ ದೋಣಿಯೊಂದು ಅಲೆಗೆ ಸಿಕ್ಕಿ ಮಗುಚಿತು. 16 ಮಂದಿ ಸತ್ತರು. ಅವರಲ್ಲಿ ಮಕ್ಕಳಿದ್ದರು, ಶಿಗ್ಗಾಂವಿ ತಾಲ್ಲೂಕಿನಿಂದ, ಅಂದರೆ ಇದೇ ಹಾವೇರಿ ಜಿಲ್ಲೆಯಿಂದ, ಬಂದಿದ್ದ ಒಂದೇ ಮನೆತನದವರು ಹಲವರಿದ್ದರು. ನದಿ ಈಜಿ ಬೆಳೆದವರಿಗೂ ಕಡಲು ಬೇರೆಯದೇ ಎಂಬುದನ್ನು ಘಟ್ಟದ ಮೇಲಿನ ನಾವು ಸುಲಭವಾಗಿ ಒಪ್ಪುವುದಿಲ್ಲ.

ಹೊಳೆ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಎಂದು ಹೆಸರು. ದೂರದಿಂದ ನೋಡಿದರೆ ಅದು ಕೆರೆಯ ನೀರಿನಂತೆ ಸೌಮ್ಯ. ಆದರೆ ನದಿ ಹೊತ್ತು ತಂದ ಮರಳು ಅಲ್ಲಿ ದಿಬ್ಬವಾಗಿ ಕೂತಿರುತ್ತದೆ. ಆಳವಿಲ್ಲದ ಕಡೆ ಬಂದ ಅಲೆ ಎತ್ತರವಾಗಿ ಎದ್ದು ಒಡೆಯುತ್ತದೆ. ಇಳಿತದ ಹೊತ್ತಿನಲ್ಲಿ ನದಿಯ ನೀರು ಹೊರಕ್ಕೆ ನುಗ್ಗುತ್ತಿದ್ದರೆ, ಒಳಕ್ಕೆ ಬರುವ ಅಲೆ ಅದಕ್ಕೆ ಡಿಕ್ಕಿ ಹೊಡೆದು ಇನ್ನೂ ಕಡಿದಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಭರತ ಇಳಿತ ಎರಡೂ ಜೋರು. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ. ಈಗ ಲೆಕ್ಕ ಹಾಕಿ: ಹುಣ್ಣಿಮೆಯ ಜಾತ್ರೆ, ಊಟ ಮುಗಿಸಿ ಮಧ್ಯಾಹ್ನದ ಮೇಲೆ ಹಿಂದಿರುಗುವ ಜನ, ಎದುರಿಗೆ ಕಾಳಿಯ ಅಳಿವೆ. ಬೆಸ್ತರಿಗೆ ಇದೆಲ್ಲ ಕರತಲಾಮಲಕ. ಹೊರಗಿನವನಿಗೆ ಗೊತ್ತಿರುವುದು ಬಸ್ಸಿನ ಶಿಸ್ತು, ಅಂದರೆ ಇನ್ನಿಬ್ಬರು ಹಿಡಿಸುತ್ತಾರೆ ಎನ್ನುವುದು. ದೋಣಿಯಲ್ಲಿ ಅಲೆ ಕಂಡು ಎಲ್ಲರೂ ಒಂದೇ ಮಗ್ಗುಲಿಗೆ ಸರಿದರೆ ಅಲ್ಲಿಗೆ ಮುಗಿಯಿತು. ಜೀವರಕ್ಷಕ ಜಾಕೀಟು ಕೇಳಿ ಹಾಕಿಕೊಳ್ಳುವುದು, ಇಲ್ಲವೆಂದರೆ ಹತ್ತದಿರುವುದು, ಬೆಳಗಿನಲ್ಲೇ ಹೋಗಿ ಬರುವುದು: ಇಷ್ಟಕ್ಕೆ ಧೈರ್ಯವೇನೂ ಬೇಕಿಲ್ಲ, ಸ್ವಲ್ಪ ನಾಚಿಕೆ ಬಿಡಬೇಕಷ್ಟೆ.

ದೋಣಿ ಬೇಡವೆನ್ನುವವರಿಗೆ ಸದಾಶಿವಗಡದ ಆಚೆ ದೇವಬಾಗ ಇದೆ. ಒಂದು ಕಡೆ ಕಾಳಿ, ಇನ್ನೊಂದು ಕಡೆ ಸಮುದ್ರ, ನಡುವೆ ಗಾಳಿಮರಗಳ ಸಾಲಿನ ಉಸುಕಿನ ನಾಲಿಗೆ. ದ್ವೀಪವಲ್ಲ, ದ್ವೀಪದ ಚಿಕ್ಕಪ್ಪನ ಮಗ. 1883ರಲ್ಲಿ ಇಪ್ಪತ್ತೆರಡರ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದು, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದಾಗ ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದರು. ಕಾಳಿಯಲ್ಲಿ ದೋಣಿಯೇರಿ ವಿಹರಿಸಿದ ರಾತ್ರಿಯನ್ನು ಮುಂದೆ ಆತ್ಮಕಥೆಯಲ್ಲೂ ನೆನೆದರು.

ಈ ದಂಡೆಗಳ ಮೌನಕ್ಕೆ ಇನ್ನೊಂದು ಹಕ್ಕುದಾರ ಪ್ರಾಣಿಯಿದೆ. ದೇವಬಾಗ, ಮಾಜಾಳಿಗಳ ಉಸುಕಿಗೆ ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆ ಬಂದು ನೂರರಷ್ಟು ಮೊಟ್ಟೆ ಹೂತು ಹೋಗುತ್ತದೆ. ಐವತ್ತು ದಿನ ಆಚೀಚೆ ಮರಿಗಳು ಎದ್ದು ಬೆಳಕಿರುವ ಕಡೆ ಹರಿಯುತ್ತವೆ. ಕತ್ತಲ ರಾತ್ರಿಯಲ್ಲಿ ಹೆಚ್ಚು ಬೆಳ್ಳಗಿರುವುದು ಸಮುದ್ರವೇ. ದಡದಲ್ಲಿ ಟ್ಯೂಬ್‌ಲೈಟು ಉರಿದರೆ ಅವು ರಸ್ತೆಗೆ ಬರುತ್ತವೆ. ಅರಣ್ಯ ಇಲಾಖೆಯವರು ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಆಮೆಯ ಹೆಸರಿನ ಗಡದ ಎದುರಿಗೇ ಆಮೆಗೆ ಕಾವಲು ಬೇಕಾಗಿದೆ.

ಮಳೆಗಾಲದಲ್ಲಿ ಮಾತ್ರ ಯಾರ ಕಾವಲೂ ಬೇಡ. ಜೂನ್ ಮತ್ತು ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧದ ತಿಂಗಳುಗಳು. ದೋಣಿಗಳು ತೆಂಗಿನ ಗರಿ, ತಾಡಪಾಲು ಹೊದ್ದು ದಡದಲ್ಲಿ ಮಲಗುತ್ತವೆ. ಗಡಗಳಿಗೆ ಹೋಗುವವರಿಲ್ಲ. ದೊಡ್ಡ ಅಲೆಗಳು ದಂಡೆಯ ಉಸುಕನ್ನು ಎಳೆದು ನೀರಿನೊಳಗೆ ದಿಬ್ಬವಾಗಿ ಇಡುತ್ತವೆ. ಡಿಸೆಂಬರಿನಲ್ಲಿ ಹಾಸಿಗೆಯಂತಿದ್ದ ಕಡೆ ಜುಲೈಯಲ್ಲಿ ಬರೀ ಕಲ್ಲು ಕಾಣಬಹುದು. ನೂಲ ಹುಣ್ಣಿಮೆಗೆ ಬೆಸ್ತರು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಆಮೇಲೆ ಅಲೆ ತಗ್ಗುತ್ತ ಬರುತ್ತದೆ, ಒಯ್ದ ಉಸುಕನ್ನು ಸಣ್ಣ ಅಲೆಗಳು ಸ್ವಲ್ಪಸ್ವಲ್ಪವಾಗಿ ತಂದು ಹಾಕುತ್ತವೆ. ದೇವರಗುಡ್ಡದಲ್ಲಿ ಕಾರಣಿಕ ಮುಗಿಯುವ ವೇಳೆಗೆ ಕಾರವಾರದ ದಂಡೆ ಅರ್ಧ ತುಂಬಿರುತ್ತದೆ.