ಸೋಲಾರ್ ಇದ್ದರೂ ಕರೆಂಟು ಹೋಗುತ್ತದೆ, ಹೋಗಲೇಬೇಕು

‘ಸೋಲಾರ್ ಹಾಕಿಸಿಬಿಟ್ಟರೆ ಇನ್ನು ಕರೆಂಟು ಹೋದರೂ ಚಿಂತೆಯಿಲ್ಲ.’ ಸಾಲಿಗ್ರಾಮ, ಕೆ.ಆರ್. ನಗರ, ಹುಣಸೂರಿನ ಕಡೆ ತಾರಸಿ ಮನೆಯವರು ಎಷ್ಟೋ ಮಂದಿ ಈ ನಂಬಿಕೆಯಿಂದಲೇ ದುಡ್ಡು ಹೊಂದಿಸಲು ಹೊರಡುತ್ತಾರೆ. ನಮ್ಮ ಭಾಗದ ವಿದ್ಯುತ್ ಕಂಪನಿ ಸೆಸ್ಕ್‌ನ ಲೈನಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ಸೋಲಾರಿನ ವಿಷಯದಲ್ಲಿ ಇದು ಪೂರ್ತಿ ತಪ್ಪು. ಮಟಮಟ ಮಧ್ಯಾಹ್ನ ನೆತ್ತಿ ಸುಡುವ ಬಿಸಿಲಿದ್ದರೂ ಲೈನಿನಲ್ಲಿ ಕರೆಂಟು ಹೋದೊಡನೆ ನಿಮ್ಮ ಫ್ಯಾನೂ ನಿಲ್ಲುತ್ತದೆ. ಪ್ಯಾನೆಲ್ ಕೆಟ್ಟಿಲ್ಲ, ಅದು ಹಾಗೆ ನಿಲ್ಲಲೇಬೇಕು.

ಏಕೆಂದರೆ ಆ ಹೊತ್ತಿಗೆ ಕಂಬದ ಮೇಲೆ ಒಬ್ಬ ಮನುಷ್ಯ ಇರಬಹುದು. ಟ್ರಾನ್ಸ್‌ಫಾರ್ಮರ್ ಬಳಿ ಫ್ಯೂಸು ಕಿತ್ತು ಲೈನ್‌ಮನ್ ತಂತಿಗೆ ಕೈಹಾಕಿದಾಗ ನಮ್ಮ ತಾರಸಿಯಿಂದ ಕರೆಂಟು ವಾಪಸು ಹರಿದರೆ ಅವನ ಜೀವಕ್ಕೇ ಅಪಾಯ. ಅದಕ್ಕೇ ಸೋಲಾರಿನ ಇನ್ವರ್ಟರ್ ಲೈನಿನ ವೋಲ್ಟೇಜನ್ನೂ 50 ಹರ್ಟ್ಸ್ ಆವರ್ತನವನ್ನೂ ಸದಾ ಗಮನಿಸುತ್ತಿರುತ್ತದೆ. ಅವು ತಪ್ಪಿದರೆ ತಾನಾಗಿ ಬಂದ್ ಆಗುತ್ತದೆ. ಗಾಳಿಮಳೆಗೆ ಕೊಂಬೆ ಮುರಿದು ಲೈನಿನ ಮೇಲೆ ಬೀಳುವ ನಮ್ಮ ಊರುಗಳಲ್ಲಿ, ಈ ರಕ್ಷಣೆಯನ್ನು ತಪ್ಪಿಸಿ ವೈರ್ ಎಳೆದುಕೊಡುತ್ತೇನೆ ಅನ್ನುವವರನ್ನು ಮನೆ ಹತ್ತಿರ ಸೇರಿಸಬೇಡಿ. ರಾತ್ರಿ ದೀಪಕ್ಕೆ ಈಗಿರುವ ಯುಪಿಎಸ್ ಸಾಕು. ಹೆಚ್ಚು ಬೇಕೆಂದರೆ ಬ್ಯಾಟರಿ ಸೇರಿಸಬಲ್ಲ ಹೈಬ್ರಿಡ್ ಇನ್ವರ್ಟರ್ ಇದೆ, ಖರ್ಚೂ ಜಾಸ್ತಿ.

ಬಿಸಿಲು ಕಾದಷ್ಟೂ ಕರೆಂಟು ಜಾಸ್ತಿ ಅನ್ನುವುದೂ ನಿಜವಲ್ಲ. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಶಾಖವಲ್ಲ. 25 ಡಿಗ್ರಿ ದಾಟಿ ಅದು ಕಾದ ಪ್ರತಿ ಡಿಗ್ರಿಗೂ ಶಕ್ತಿ ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಸೋನೆ ಹಿಡಿದ ದಿನ ಉತ್ಪಾದನೆ ಕುಸಿಯುತ್ತದೆ, ಆದರೆ ನಿಂತೇ ಹೋಗುವುದಿಲ್ಲ. ವರ್ಷದ ಸರಾಸರಿ ಹಿಡಿದರೆ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್. ನಮ್ಮಲ್ಲಿ ನಿಜವಾದ ತೊಂದರೆ ಪಕ್ಕದ ತೆಂಗಿನಮರ. ಒಂದು ಪ್ಯಾನೆಲ್ ಮೇಲೆ ಗರಿಯ ನೆರಳು ಬಿದ್ದರೂ ಅದರ ಜೊತೆ ಜೋಡಿಸಿದ ಸಾಲಿನ ಉತ್ಪಾದನೆಗೂ ಪೆಟ್ಟು. ಜಾಗ ಗುರುತಿಸುವ ಮುಂಚೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ತಾರಸಿ ಹತ್ತಿ ನೆರಳು ನೋಡಿ.

ಇನ್ನು, ಯಾರು ಹಾಕಿಸಿದರೂ ಲಾಭವೇ? ಖಂಡಿತ ಇಲ್ಲ. 2023ರಿಂದ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಇದೆ. ತಿಂಗಳಿಗೆ 80 ಯೂನಿಟ್ ಉರಿಸಿ ಶೂನ್ಯ ಬಿಲ್ ಪಡೆಯುವ ಮನೆಗೆ ಉಳಿಸಲು ಬಿಲ್ಲೇ ಇಲ್ಲ. ಅಂಥವರು ಸಾಲ ಮಾಡಿ ಸೋಲಾರ್ ಹಾಕಿಸಬಾರದು ಅನ್ನುವುದೇ ನನ್ನ ಮಾತು. ಗೀಸರ್, ಎಸಿ, ಬೋರ್‌ವೆಲ್ ಮೋಟರ್ ಸೇರಿ ಆ ಯೋಜನೆಯ 200 ಯೂನಿಟ್ ಮಿತಿ ದಾಟುವ ಮನೆಯ ಲೆಕ್ಕವೇ ಬೇರೆ. ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾದ್ದರಿಂದ ಅವರಿಗೆ ಸೋಲಾರ್ ಗಟ್ಟಿ ಉಳಿತಾಯ. ಆಗಲೂ ನಿಗದಿತ ಶುಲ್ಕ ತಪ್ಪುವುದಿಲ್ಲ.

ಇನ್ನು ಸಬ್ಸಿಡಿಯ ಮಾತು. ಕೇಂದ್ರ ಸರ್ಕಾರದ 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ. ‘ಅಷ್ಟು ಸರ್ಕಾರವೇ ಮೊದಲು ಕಟ್ಟುತ್ತದೆ’ ಅಂದುಕೊಂಡು ಮುಂಗಡ ಕೊಡಬೇಡಿ. ಲೈನಿನಿಂದ ಬಂದ, ಲೈನಿಗೆ ಹೋದ ಕರೆಂಟನ್ನು ಅಳೆಯುವ ನೆಟ್ ಮೀಟರ್ ಕೂತು, ಸೋಲಾರ್ ಚಾಲೂ ಆದ ಮೇಲಷ್ಟೇ ಅದು ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ.